ಡಬ್ಬಿ ಮೇಲಿನ ಚಿತ್ರ, ಡಬ್ಬಿ ಒಳಗಿನ ನಕ್ಷೆ

ಸಿನಿಮಾಕ್ಕೆ ವಿಮರ್ಶೆ ಬರೀತೀವಿ, ಫೋನಿಗೆ ಬರೀತೀವಿ, ದೋಸೆ ಹೋಟೆಲಿಗೂ ಸ್ಟಾರ್ ಕೊಡ್ತೀವಿ. ರೇಡಿಯೋ ಕಂಟ್ರೋಲ್ ವಿಮಾನದ ಕಿಟ್ ವಿಷಯಕ್ಕೆ ಬಂದಾಗ ಮಾತ್ರ "ಪ್ಯಾಕಿಂಗ್ ಚೆನ್ನಾಗಿತ್ತು, ಬೇಗ ಬಂತು" ಅಂತ ಮುಗಿಸಿಬಿಡ್ತೀವಿ. ಕಿಟ್ ಅನ್ನೋದೂ ಒಂದು ಪುಸ್ತಕದ ಹಾಗೇನೇ. ಅದನ್ನು ಬರೆದವರು ಇದ್ದಾರೆ, ಅವರು ಯಾವ ಓದುಗನನ್ನು ಮನಸ್ಸಲ್ಲಿ ಇಟ್ಟುಕೊಂಡಿದ್ದರು ಅನ್ನೋದು ಪ್ರತಿ ತುಂಡಲ್ಲೂ ಕಾಣಿಸುತ್ತೆ. ಹಾಗಾಗಿ ಎರಡು ಕಿಟ್‌ಗಳನ್ನು ಪಕ್ಕಪಕ್ಕ ಇಟ್ಟು ಓದೋಣ.

ಮೊದಲನೆಯದು ಗಿಲ್ಲೋಸ್ ಕಂಪನಿಯ ಸೆಸ್ನಾ 170. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1926ರಲ್ಲಿ ಶುರುವಾದ ಕಂಪನಿ ಇದು. ರೆಕ್ಕೆ 24 ಇಂಚು. ಒಳಗೆ ಬಾಲ್ಸಾ ಮರದ ತೆಳು ಹಾಳೆಗಳು, ಕಡ್ಡಿಗಳು, ಟಿಶ್ಯೂ ಕಾಗದ, ಒಂದು ದೊಡ್ಡ ನಕ್ಷೆ. ಮೂಲತಃ ರಬ್ಬರ್ ಬ್ಯಾಂಡ್ ಸುತ್ತಿ ಹಾರಿಸೋ ವಿಮಾನ. ಅದಕ್ಕೆ ಪುಟ್ಟ ಮೋಟಾರ್, ಒಂದು ಸೆಲ್ಲಿನ ಬ್ಯಾಟರಿ, ರಿಸೀವರ್ ಕೂರಿಸಿ ರೇಡಿಯೋದಲ್ಲಿ ಹಾರಿಸೋರು ಬಹಳ ಜನ ಇದ್ದಾರೆ.

ಇದರ ನಕ್ಷೆ ನಿಜಕ್ಕೂ ಅದ್ಭುತ. ವಿಮಾನ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಹಲಗೆ ಮೇಲೆ ಹಾಸಿ, ಮೇಣದ ಕಾಗದ ಮುಚ್ಚಿ, ಗೆರೆಯ ಮೇಲೇ ಕಡ್ಡಿ ಇಟ್ಟು, ಗುಂಡುಪಿನ್ನು ಚುಚ್ಚಿ ಅಂಟಿಸಬೇಕು. ಬಿಇ ಮೊದಲ ವರ್ಷದಲ್ಲಿ ಡ್ರಾಯಿಂಗ್ ಶೀಟ್ ಮೇಲೆ ಫ್ರಂಟ್ ವ್ಯೂ, ಟಾಪ್ ವ್ಯೂ ಅಂತ ಮಾರ್ಕ್ಸಿಗೋಸ್ಕರ ಬರೆದದ್ದು ನೆನಪಿದೆಯಾ? ಅದು ಯಾಕೆ ಅಂತ ನನಗೆ ಅರ್ಥವಾಗಿದ್ದು ಈ ನಕ್ಷೆ ಮುಂದೆ ಕೂತಾಗ.

ಆದರೆ ಡಬ್ಬಿ ಮೇಲೆ ಹಾರುತ್ತಿರೋ ಸೆಸ್ನಾ ಚಿತ್ರ ಇದೆಯಲ್ಲ, ಒಳಗಿನ ವಿನ್ಯಾಸ ಆ ಚಿತ್ರಕ್ಕೇ ಜಾಸ್ತಿ ನಿಷ್ಠೆ ತೋರಿಸುತ್ತೆ, ಹಾರಾಟಕ್ಕೆ ಕಡಿಮೆ. ಬಾಲ್ಸಾದಲ್ಲಿ ಒಂದೇ ಅಳತೆಯ ಎರಡು ಹಾಳೆಗಳ ತೂಕ ಒಂದಕ್ಕೆರಡು ವ್ಯತ್ಯಾಸ ಇರಬಹುದು. ಡಬ್ಬಿಯಲ್ಲಿ ಯಾವುದು ಬರುತ್ತೋ ಅದೃಷ್ಟ. ಭಾರದ ತುಂಡು ಬಾಲಕ್ಕೆ ಹೋದರೆ ಕಷ್ಟ. ಬಾಲ ಗುರುತ್ವ ಕೇಂದ್ರದಿಂದ ದೂರ ಇರೋದರಿಂದ ಅಲ್ಲಿ 1 ಗ್ರಾಂ ಹೆಚ್ಚಾದರೆ ಸರಿದೂಗಿಸೋಕೆ ಮೂತಿಗೆ 2-3 ಗ್ರಾಂ ಹಾಕಬೇಕು. ಮೂತಿ ಭಾರ ಇದ್ದರೆ ವಿಮಾನ ಕೆಟ್ಟದಾಗಿ ಹಾರುತ್ತೆ, ಬಾಲ ಭಾರ ಇದ್ದರೆ ಒಂದೇ ಸಲ ಹಾರುತ್ತೆ ಅನ್ನೋದು ಈ ಹವ್ಯಾಸದ ಹಳೇ ಗಾದೆ. ಇಷ್ಟು ಮುಖ್ಯವಾದ ಸಂಗತಿಯನ್ನು ಇಂಥ ಕಿಟ್ ನಮ್ಮ ತಿಳುವಳಿಕೆಗೇ ಬಿಟ್ಟುಬಿಡುತ್ತೆ. ಹೇಗೆ ಅಂತ ಹೇಳುತ್ತೆ, ಯಾಕೆ ಅಂತ ಹೇಳೋದಿಲ್ಲ.

ಎರಡನೆಯದು ಫ್ಲೈಟ್ ಟೆಸ್ಟ್‌ನವರ ಟೈನಿ ಟ್ರೇನರ್. ಫೋಮ್ ಬೋರ್ಡ್, ಹಾಟ್ ಗ್ಲೂ, ಜೊತೆಗೊಂದು ವಿಡಿಯೋ. ನೋಡೋಕೆ ಏನೇನೂ ಚೆಂದ ಇಲ್ಲ, ರಟ್ಟಿನ ಡಬ್ಬಿಗೆ ರೆಕ್ಕೆ ಬಂದ ಹಾಗಿದೆ. ಆದರೆ ಇದನ್ನು ಬರೆದವರಿಗೆ ಪಾಠ ಮಾಡೋದು ಗೊತ್ತು. ಒಂದೇ ಒಡಲಿಗೆ ಎರಡು ರೆಕ್ಕೆ. ಮೊದಲನೇ ರೆಕ್ಕೆಯ ತುದಿಗಳು ಮೇಲಕ್ಕೆ ಬಾಗಿರುತ್ತವೆ. ರಡ್ಡರ್ ತಿರುಗಿಸಿದರೆ ಸಾಕು, ವಿಮಾನ ತಾನೇ ವಾಲಿ ತಿರುಗುತ್ತೆ. ಕೈ ಬಿಟ್ಟರೆ ಮೆಲ್ಲಗೆ ಸಮಕ್ಕೆ ಬರುತ್ತೆ. ಕೈ ಪಳಗಿದ ಮೇಲೆ ಐಲೆರಾನ್ ಇರೋ ಎರಡನೇ ರೆಕ್ಕೆ ಹಾಕಿ. ಆಗ ಆ ಬಾಗು ಇಷ್ಟು ದಿನ ಏನು ಮಾಡ್ತಿತ್ತು ಅಂತ ಬೆರಳಿಗೇ ಗೊತ್ತಾಗುತ್ತೆ. ರೆಕ್ಕೆ ನಿಂತಿರೋದು ರಬ್ಬರ್ ಬ್ಯಾಂಡ್ ಮೇಲೆ, ಬಿದ್ದರೆ ಮುರಿಯೋ ಬದಲು ಕಳಚಿಕೊಳ್ಳುತ್ತೆ. ಮೋಟಾರ್ ಇರೋ ಭಾಗವನ್ನು ತೆಗೆದು ಇನ್ನೊಂದು ವಿಮಾನಕ್ಕೆ ಹಾಕಬಹುದು. ನಕ್ಷೆಯಂತೂ ಉಚಿತವಾಗಿ ಸಿಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸೋರ್ಸ್ ಕೋಡನ್ನೇ ಕೈಗೆ ಕೊಟ್ಟಿದ್ದಾರೆ.

ಇದಕ್ಕೂ ದೋಷ ಇದೆ. ವಿಡಿಯೋ ನಿಲ್ಲಿಸಿ, ಮಡಚಿ, ಮತ್ತೆ ಓಡಿಸಿ ಮಾಡೋದು ಇಂಟರ್ನೆಟ್ಟಿಂದ ಕೋಡ್ ಕಾಪಿ ಮಾಡಿದ ಹಾಗೇನೇ. ಓಡುತ್ತೆ, ಯಾಕೆ ಓಡ್ತು ಅಂತ ಗೊತ್ತಿರಲ್ಲ. ಅಲ್ಲದೆ ಇಡೀ ವಿನ್ಯಾಸ ಅಮೆರಿಕದ ಅಗ್ಗದ ಅಂಗಡಿಗಳಲ್ಲಿ ಸಿಗೋ ಹಗುರ ಫೋಮ್ ಬೋರ್ಡನ್ನು ನಂಬಿಕೊಂಡಿದೆ. ನನಗೆ ಇಲ್ಲಿ ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕ ಬೋರ್ಡಿನ ಕಾಗದ ದಪ್ಪ, ತೂಕ ಜಾಸ್ತಿ. ಅದೇ ನಕ್ಷೆ, ಬೇರೆ ವಿಮಾನ. ಹಾರಿಸೋ ಜಾಗದ ಕಥೆಯೂ ಅಷ್ಟೇ. ಅವರ ವಿಡಿಯೋದಲ್ಲಿ ವಿಶಾಲವಾದ ಹುಲ್ಲುಮೈದಾನ. ನಮ್ಮ ಬೆಂಗಳೂರಿಗೆ ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ ಅಂತ ಸುತ್ತಲೂ ರನ್‌ವೇಗಳು. ಮೊದಲು ಏರ್‌ಸ್ಪೇಸ್ ಮ್ಯಾಪ್ ನೋಡಬೇಕು. ನಾನಂತೂ ರಾಗಿ ಕೊಯ್ಲು ಮುಗಿದ ಮೇಲೆ ಊರಿಗೇ ತಗೊಂಡು ಹೋಗ್ತೀನಿ.

ಡಬ್ಬಿ ತೆರೆದು ಬ್ಯಾಟರಿ ಹಾಕಿ ಹಾರಿಸೋ ರೆಡಿಮೇಡ್ ವಿಮಾನಗಳೂ ಇವೆ. ಒಳಗಿನ ಗೈರೋ ನಮ್ಮ ತಪ್ಪನ್ನೆಲ್ಲ ತಾನೇ ತಿದ್ದುತ್ತೆ. ಅದನ್ನು ಬೈಯೋಕೆ ನಂಗೆ ಮನಸ್ಸಿಲ್ಲ. ವಾರಕ್ಕೆ ಎರಡು ಗಂಟೆ ಬಿಡುವಿರೋರಿಗೆ ಅದೂ ಒಂದು ಸಂತೋಷ. ನನ್ನ ತಕರಾರು ಬೇರೆ. ಆಫೀಸಿನಲ್ಲಿ ನಾವು ದಿನವಿಡೀ ಯಾರೋ ಬರೆದ ಫ್ರೇಮ್‌ವರ್ಕ್ ಮೇಲೆ ಇನ್ಯಾರೋ ಬರೆದ ಲೈಬ್ರರಿ ಇಟ್ಟು ಬದುಕ್ತೀವಿ. ಒಂದು ವಸ್ತುವನ್ನು ಬುಡದಿಂದ ತುದಿವರೆಗೆ ಪೂರ್ತಿ ಅರ್ಥ ಮಾಡಿಕೊಂಡಿದ್ದೀನಿ ಅಂತ ನಮ್ಮಲ್ಲಿ ಎಷ್ಟು ಜನ ಎದೆ ಮುಟ್ಟಿ ಹೇಳಬಲ್ಲೆವು? ಊರಲ್ಲಿ ಪಂಪ್‌ಸೆಟ್ ಕೆಟ್ಟರೆ ಅಪ್ಪ ಮೊದಲು ತಾವೇ ಬಿಚ್ಚಿ ನೋಡ್ತಿದ್ದರು, ಆಮೇಲೆ ಮೆಕ್ಯಾನಿಕ್‌ಗೆ ಹೇಳಿ ಕಳಿಸ್ತಿದ್ದರು. ಪುಟ್ಟ ವಿಮಾನ ಒಬ್ಬನ ತಲೆಯಲ್ಲಿ ಇಡಿಯಾಗಿ ಹಿಡಿಸೋ ಯಂತ್ರ. ಆ ಅವಕಾಶವನ್ನೂ ಡಬ್ಬಿಯಲ್ಲಿ ಮುಚ್ಚಿ ಕೊಟ್ಟರೆ ಉಳಿಯೋದು ರಿಮೋಟ್ ಮಾತ್ರ.

ಹಾಗಾಗಿ ಕಿಟ್ಟಿಗೆ ನಾನು ಇಡೋ ಪರೀಕ್ಷೆ ಒಂದೇ: ವಿಮಾನ ಬಿದ್ದು ಮುರಿದ ಮೇಲೆ ಅದನ್ನು ಎತ್ತಿಕೊಂಡು ನೀವೇ ರಿಪೇರಿ ಮಾಡಬಲ್ಲಿರಾ? ಟೈನಿ ಟ್ರೇನರ್ ಇದರಲ್ಲಿ ಒಳ್ಳೇ ಮಾರ್ಕ್ಸ್ ತೆಗೆದು ಪಾಸು. ಗಿಲ್ಲೋಸ್ ಕೂಡ ಪಾಸೇ, ಮುರಿದ ಕಡ್ಡಿಯ ಅಳತೆ ನಕ್ಷೆಯಲ್ಲೇ ಇದೆ, ತಾಳ್ಮೆ ಮಾತ್ರ ನಿಮ್ಮದು. ರೆಡಿಮೇಡ್ ಫೇಲು, ಅದರ ಉತ್ತರ "ಹೊಸ ಪಾರ್ಟ್ ಆರ್ಡರ್ ಮಾಡಿ".

ಶುರು ಮಾಡೋರು ಟೈನಿ ಟ್ರೇನರ್ ನಕ್ಷೆಯನ್ನು ಪ್ರಿಂಟ್ ಹಾಕಿಸಿ, ಇಲ್ಲಿನ ಬೋರ್ಡಲ್ಲೇ ಕತ್ತರಿಸಿ. ಕತ್ತರಿಸೋ ಮುಂಚೆ ಹಾಳೆಯನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಭಾರ ಅನಿಸಿದರೆ ಎಲ್ಲಿ ಕಮ್ಮಿ ಮಾಡಬಹುದು ಅಂತ ಯೋಚಿಸಿ, ಮೊದಲು ಬಾಲದಲ್ಲಿ.