ಅರ್ಜಿ ಯಾರ ಮುಂದೆ?

ಹನುಮನಹಳ್ಳಿ ಬಳಿಯ ಅಂಜನಾದ್ರಿ ಬೆಟ್ಟದ ದೇವಸ್ಥಾನವನ್ನು 2018ರಲ್ಲಿ ಕೊಪ್ಪಳ ಜಿಲ್ಲಾಡಳಿತ ತನ್ನ ವಶಕ್ಕೆ ತೆಗೆದುಕೊಂಡಿತು. ಪೂಜೆಯ ಹಕ್ಕು ಯಾರದು, ಆಡಳಿತ ಯಾರದು ಎಂಬ ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆದರೆ ದೇವರಿಗೆ ಹಕ್ಕಿದೆಯೇ ಎಂದು ಯಾರೂ ಕೇಳಬೇಕಾಗಿಲ್ಲ. ನಮ್ಮ ಕಾನೂನಿನ ಪ್ರಕಾರ ಪ್ರತಿಷ್ಠಾಪಿತ ಮೂರ್ತಿಯೂ ಒಬ್ಬ ವ್ಯಕ್ತಿ. ಅದು ಆಸ್ತಿ ಹೊಂದಬಹುದು, ದಾವೆ ಹೂಡಬಹುದು. ತಾನೇ ಮಾತನಾಡಲಾರದ್ದರಿಂದ ಅದನ್ನು ಅಪ್ರಾಪ್ತ ವಯಸ್ಕರಂತೆ ಪರಿಗಣಿಸಿ, ಅದರ ಪರವಾಗಿ ಇನ್ನೊಬ್ಬರು ವಾದಿಸಲು ಕಾನೂನು ದಾರಿ ಮಾಡಿಕೊಟ್ಟಿದೆ.

ಇನ್ನು ಬಾಯಿದ್ದವರ ಪಾಡೇನು? ಈ ಪ್ರಶ್ನೆಯನ್ನಿಟ್ಟುಕೊಂಡು ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯನ್ನು ಮತ್ತೆ ಓದಬೇಕು. 2004ರಲ್ಲಿ ಗಿರೀಶ ಕಾಸರವಳ್ಳಿಯವರ 'ಹಸೀನಾ' ಚಿತ್ರಕ್ಕೆ ಆಧಾರವಾದ ಕತೆಯಿದು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಸಂಕಲನದಲ್ಲೂ ಇದೆ. ಗಂಡ ಯಾಕೂಬ್ ಕೈಬಿಟ್ಟ ಆಶ್ರಫ್, ಕಾಯಿಲೆಯ ಮಗುವನ್ನೆತ್ತಿಕೊಂಡು ನ್ಯಾಯ ಕೇಳಲು ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ. ಮುತವಲ್ಲಿ ನುಣುಚಿಕೊಳ್ಳುತ್ತಾರೆ. ಕೊನೆಗೆ ಅವಳು ಮಗುವನ್ನೇ ಕಳೆದುಕೊಳ್ಳುತ್ತಾಳೆ.

ಇದನ್ನು ಮುತವಲ್ಲಿಯ ಕಲ್ಲೆದೆಯ ಕತೆ ಎಂದಷ್ಟೇ ಓದಿದರೆ ಸಾಲದು. ಮಹರ್ ಹೆಣ್ಣಿನದು, ದುಡಿಮೆ ಹೆಣ್ಣಿನದು, ಮದುವೆಯಾದ ಮಾತ್ರಕ್ಕೆ ಅವಳ ಆಸ್ತಿ ಗಂಡನದಾಗದು ಎಂಬುದು ಇಸ್ಲಾಮೀ ಕಾನೂನಿನ ಮೂಲಪಾಠ. ಇಂಗ್ಲೆಂಡಿನ ವಿವಾಹಿತೆಗೆ ಇಂತಹ ಹಕ್ಕು ಕಾನೂನಿನಲ್ಲಿ ಪೂರ್ಣವಾಗಿ ದಕ್ಕಿದ್ದು 1882ರಲ್ಲಿ. ದೇಶದ ಕಾನೂನಿನಲ್ಲೂ ಆಶ್ರಫ್‌ಗೆ ಕೊರತೆಯಿಲ್ಲ. ನಿರ್ಲಕ್ಷಿತ ಪತ್ನಿ ಜೀವನಾಂಶಕ್ಕಾಗಿ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ವಿಚ್ಛೇದಿತ ಮುಸ್ಲಿಮ್ ಮಹಿಳೆಗೂ ಈ ದಾರಿ ತೆರೆದಿದೆಯೆಂದು 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಅವಳು ಯಾರ ಪೋಷಕತ್ವವೂ ಬೇಡದ ಪೂರ್ಣ ವ್ಯಕ್ತಿ.

ಇತ್ತ ಮುತವಲ್ಲಿಯೋ ವಕ್ಫ್ ಆಸ್ತಿಯ ನಿರ್ವಾಹಕ ಮಾತ್ರ, ನ್ಯಾಯಾಧೀಶನಲ್ಲ. ಮಸೀದಿ ದಾವೆ ಹೂಡಬಲ್ಲ ವ್ಯಕ್ತಿಯಲ್ಲವೆಂದು ಲಾಹೋರಿನ ಶಹೀದ್‌ಗಂಜ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1940ರಲ್ಲೇ ತೀರ್ಪಿತ್ತಿತ್ತು. ಹಾಗಾದರೆ ಆ ಅಂಗಳದಲ್ಲಿ ಕಾನೂನಿನ ಕಣ್ಣಿಗೆ ಬೀಳುವವರು ಮನುಷ್ಯರು ಮಾತ್ರ. ಅವರಲ್ಲೊಬ್ಬಳನ್ನು ಉಳಿದವರು ಕಾಣದಂತೆ ನಡೆದುಕೊಂಡರು.

ಜುಲೇಖಾ ಬೇಗಂ ಹಕ್ಕುಗಳನ್ನು ವಿವರಿಸುವ ಭಾಗ ಕೊಂಚ ಪಾಠದಂತೆ ಕೇಳಿಸುತ್ತದೆ. ಕತೆಯ ಭಾರವೆಲ್ಲ ಮಸೀದಿಯ ಅಂಗಳದ ಮೇಲೆಯೇ ಬೀಳುತ್ತದೆ, ಕೋರ್ಟಿನ ಮೇಲಲ್ಲ. ಇದು ದೋಷವೆಂದು ನನಗನಿಸುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಮೊದಲು ಹೋಗುವುದು ಜಮಾಅತಿನ ಬಳಿಗೇ. ಆ ನಂಬಿಕೆಯನ್ನು ಬೆಳೆಸಿದವರು ನಾವು. ಅದರ ಹೊಣೆಯೂ ನಮ್ಮದೇ.

ಕತೆಯ ಕೊನೆಯಲ್ಲಿ ಮುತವಲ್ಲಿಯ ಹೆಂಡತಿ ಅಮೀನಾ, ಗಂಡ ಒಪ್ಪದಿದ್ದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ತಾನೇ ಹೊರಡುತ್ತಾಳೆ. ಹಕ್ಕು ಕೇಳುತ್ತ ಕೂತ ಹೆಣ್ಣು ಸೋತ ಊರಿನಲ್ಲಿ, ಕೇಳದೆ ಎದ್ದು ನಡೆದ ಹೆಣ್ಣು ವ್ಯಕ್ತಿಯಾಗುತ್ತಾಳೆ. ನಮ್ಮ ಜಮಾಅತುಗಳು ಓದಿಕೊಳ್ಳಬೇಕಾದದ್ದು ಈ ಪುಟವನ್ನು.