ಕ್ಯೂಸೆಕ್ ಸುದ್ದಿ ಬರೆಯುವವರು

ರಾಯಬಾಗ ತಾಲ್ಲೂಕಿನ ಅಲಖನೂರ ಕಡೆ ಮಳೆಗಾಲದ ದೊಡ್ಡ ಸುದ್ದಿ ಹುಟ್ಟುವುದು ಮಹಾರಾಷ್ಟ್ರದಲ್ಲಿ. ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರಂತೆ, ಕುಡಚಿ ಸೇತುವೆ ಮುಳುಗುತ್ತದಂತೆ! 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಇಂಥ ‘ಅಂತೆ’ಗಳಿಗೆ ಬರವಿರಲಿಲ್ಲ. ಅಂತೆಯನ್ನು ಸುದ್ದಿಯಾಗಿಸುವ ಕೈಚಳಕ ನನಗೆ ಬಹಳ ಇಷ್ಟ: ಎಷ್ಟು ಕ್ಯೂಸೆಕ್, ಹೇಳಿದವರು ಯಾರು, ಎಷ್ಟು ಗಂಟೆಗೆ, ಯಾವ ದಾರಿ ಬಂದ್. ನಾಲ್ಕೇ ವಾಕ್ಯ. ಕಬ್ಬಿನ ಗದ್ದೆಯಿಂದ ಮೋಟಾರು ಎತ್ತಬೇಕೋ ಬೇಡವೋ ಎಂದು ರೈತ ತೀರ್ಮಾನಿಸಲು ಅಷ್ಟು ಸಾಕು. ವಿಶೇಷಣ ಒಂದೂ ಬೇಡ.

ಪತ್ರಿಕೋದ್ಯಮ ಪದವಿ ಕಲಿಸುವುದು ಮುಖ್ಯವಾಗಿ ಈ ಶಿಸ್ತನ್ನು. ಹಿಂದೆ ಇದನ್ನು ಅಚ್ಚುಕೂಟದಲ್ಲೇ ಕಲಿಯಬೇಕಿತ್ತು. 1929ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ‘ಸಂಯುಕ್ತ ಕರ್ನಾಟಕ’ದಂಥ ಪತ್ರಿಕೆಗಳೇ ಪಾಠಶಾಲೆ. ಅಮೆರಿಕದ ಮಿಸ್ಸೋರಿಯಲ್ಲಿ ಓದಿ ಬಂದ ನಾಡಿಗ ಕೃಷ್ಣಮೂರ್ತಿ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಈ ಕಲಿಕೆಯನ್ನು ತರಗತಿಗೆ ತಂದರು.

ಪತ್ರಿಕೋದ್ಯಮ ಓದಿದವರೆಲ್ಲ ವರದಿಗಾರರೇ ಆಗಬೇಕಿಲ್ಲ. ಆಕಾಶವಾಣಿ, ವಾರ್ತಾ ಇಲಾಖೆ, ಜಾಹೀರಾತು, ಸಕ್ಕರೆ ಕಾರ್ಖಾನೆಯ ಪ್ರಚಾರ ವಿಭಾಗ, ಈಗ ಯೂಟ್ಯೂಬ್ ಕೂಡ. ಸಂಬಳ ಮೊದಮೊದಲು ತೆಳು, ಅದನ್ನು ಮುಚ್ಚಿಡುವುದು ಬೇಡ. ಆದರೆ ನಮ್ಮ ಗಡಿ ಭಾಗದವರಿಗೆ ಒಂದು ಬಂಡವಾಳ ಮನೆಯಿಂದಲೇ ಸಿಕ್ಕಿರುತ್ತದೆ: ಕನ್ನಡದ ಜೊತೆಗೆ ಮರಾಠಿ. ಕೊಯ್ನಾ ಇರುವ ಸಾತಾರಾ ಜಿಲ್ಲೆಯ ಅಧಿಕಾರಿಗೆ ನೇರವಾಗಿ ಫೋನ್ ಮಾಡಿ ಅಂಕಿ ಕೇಳಬಲ್ಲವರು ಬೆಂಗಳೂರಿನ ಸುದ್ದಿಮನೆಗಳಲ್ಲಿ ಎಷ್ಟು ಜನ ಸಿಕ್ಕಾರು?