ಬಸರಾದ ಗೋಡೆ, ಕ್ಯಾನ್‌ಬೆರಾದ ಕಡತ

ಮೊದಲ ಮಹಾಯುದ್ಧದಲ್ಲಿ ಸತ್ತ ಆಸ್ಟ್ರೇಲಿಯಾದ ಸಾಮಾನ್ಯ ಸಿಪಾಯಿಯೊಬ್ಬನ ಎದೆಯ ಸುತ್ತಳತೆ ಎಷ್ಟಿತ್ತು, ಕಣ್ಣಿನ ಬಣ್ಣ ಯಾವುದು, ರಜೆ ಮುಗಿದ ಮೇಲೆ ಎಷ್ಟು ದಿನ ತಡವಾಗಿ ಬಂದು ದಂಡ ಕಟ್ಟಿದ ಎಂಬುದನ್ನೆಲ್ಲ ಬೆಳಗಾವಿ ಜಿಲ್ಲೆಯ ಜುಗೂಳದ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲೇ ಓದಬಹುದು. ಅದೇ ಯುದ್ಧಕ್ಕೆ ಕೃಷ್ಣಾ ದಂಡೆಯ ಊರುಗಳಿಂದ ಹೋದವನ ಬಗ್ಗೆ ಇದರ ಕಾಲುಭಾಗ ತಿಳಿಯಬೇಕೆಂದರೂ ಹೆಣಗಬೇಕು. ಇಬ್ಬರೂ ಒಂದೇ ಸಾಮ್ರಾಜ್ಯಕ್ಕಾಗಿ ಸತ್ತವರು. ಸತ್ತವರ ಸಂಶೋಧನೆಯೆಂಬ ಈ ಕೆಲಸವನ್ನು ತೂಗಿ ನೋಡುವಾಗ ನಾನು ಕೇಳುವ ಪ್ರಶ್ನೆ ಒಂದೇ: ಸತ್ತವನ ಮನೆಗೆ ಯಾರಾದರೂ ಏನಾದರೂ ಕೇಳಿ ಕಾಗದ ಬರೆದಿದ್ದರೇ?

ಆಸ್ಟ್ರೇಲಿಯಾದಲ್ಲಿ ಬರೆದಿದ್ದರು. ಅಲ್ಲಿನ ರಾಷ್ಟ್ರೀಯ ದಫ್ತರಖಾನೆ ಸುಮಾರು 3,76,000 ಸೇವಾ ಕಡತಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಭರ್ತಿ ಅರ್ಜಿ, ಆಸ್ಪತ್ರೆಯ ನಮೂದು, ಸತ್ತ ಮೇಲೆ ಮನೆಗೆ ಕಳಿಸಿದ ಸಾಮಾನಿನ ಯಾದಿ, ಆಮೇಲೆ ತಾಯಿಯೋ ಹೆಂಡತಿಯೋ ಬರೆದ ಪತ್ರಗಳು ಅವುಗಳಲ್ಲಿವೆ. ಯುದ್ಧ ಮುಗಿದ ಮೇಲೆ ಸತ್ತವನ ಓದು, ಕಸುಬು, ಬಾಳುವೆಯನ್ನು ವಿಚಾರಿಸುವ ಒಂದು ನಮೂನೆಯೂ ಮನೆಮನೆಗೆ ಹೋಯಿತು. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ರೆಡ್‌ಕ್ರಾಸ್‌ನ ಕೆಲಸ. ಪ್ರಧಾನಿಯಾಗಿದ್ದ ಆಲ್ಫ್ರೆಡ್ ಡೀಕಿನ್ನರ ಮಗಳು ವೆರಾ 1915ರಲ್ಲಿ ಕೈರೋದಲ್ಲಿ ಒಂದು ವಿಚಾರಣಾ ಕಚೇರಿ ತೆರೆದಳು. ಆಸ್ಪತ್ರೆಯಲ್ಲಿ ಮಲಗಿದ್ದ ಜೊತೆಗಾರರ ಹಾಸಿಗೆಯ ಬಳಿಗೇ ಹೋಗಿ, ಇಂಥವನು ಹೇಗೆ ಸತ್ತ ಎಂದು ಕೇಳಿ ಬರೆದುಕೊಂಡ ಸುಮಾರು 32,000 ಕಡತಗಳು ಉಳಿದಿವೆ. ಒಬ್ಬ ಗುಂಡು ತಗುಲಿ ಸತ್ತನೆಂದರೆ ಇನ್ನೊಬ್ಬ ಶೆಲ್ ಬಿದ್ದು ಸತ್ತನೆನ್ನುತ್ತಾನೆ. ಒಬ್ಬ ಹೇಳುವ ಕುಳ್ಳ, ಇನ್ನೊಬ್ಬನ ಬಾಯಲ್ಲಿ ಎತ್ತರದವ. ಈಗ ಮನೆತನದ ಇತಿಹಾಸ ಬರೆಯುವವರು ಇದರಲ್ಲಿ ಚೆಂದದ ಸಾವೊಂದನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಆ ಹೊಂದದ ಮಾತುಗಳನ್ನು ಹಾಗೆಯೇ ಎದುರುಬದುರು ಇಟ್ಟು ಬರೆದ ಪುಟಗಳನ್ನೇ ನಾನು ಹೆಚ್ಚು ನಂಬುತ್ತೇನೆ.

ಹಾಗೆಂದು ದಾಖಲೆ ಇಡುವುದು ಆಸ್ಟ್ರೇಲಿಯಾದವರ ಹುಟ್ಟುಗುಣ ಎಂದು ಹೊಗಳಬೇಕಾಗಿಲ್ಲ. ಅದಕ್ಕೂ ಹದಿನೈದು ವರ್ಷ ಹಿಂದೆ, 1899ರ ಬೋಯರ್ ಯುದ್ಧಕ್ಕೆ ಅಲ್ಲಿಂದ ಸುಮಾರು 16,000 ಜನ ಹೋದರು, 600ರಷ್ಟು ಜನ ಸತ್ತರು, ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ರೋಗದಿಂದ. ಆ ಯುದ್ಧ ಶುರುವಾದಾಗ ದೇಶ ಇನ್ನೂ ಒಂದಾಗಿರಲಿಲ್ಲ. ಆರು ವಸಾಹತುಗಳು ತಮತಮಗೆ ತೋಚಿದಂತೆ ಲೆಕ್ಕ ಇಟ್ಟವು. ಆ ಕಾಲದ ಎಷ್ಟೋ ಸಿಪಾಯಿಗಳ ಬಗ್ಗೆ ಸಿಗುವುದು ಮರ್ರೆ ಎಂಬ ಅಧಿಕಾರಿ 1911ರಲ್ಲಿ ಅಚ್ಚು ಹಾಕಿಸಿದ ಯಾದಿಯಲ್ಲಿನ ಒಂದು ಸಾಲು, ಅಷ್ಟೇ.

ಇನ್ನು ನಮ್ಮವರು. ಬೆಳಗಾವಿ, ಸಾತಾರಾ, ರತ್ನಾಗಿರಿ ಸೀಮೆಯವರು ಸೇರುತ್ತಿದ್ದ ಮರಾಠಾ ಪಲ್ಟಣಗಳ ಪೈಕಿ 103, 110, 117ನೆಯವು ಆರನೇ ಪುಣೆ ಡಿವಿಜನ್ನಿನೊಡನೆ ಮೆಸೊಪೊಟೇಮಿಯಾಕ್ಕೆ ಹೋದವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಕುತ್ ಊರಿನಲ್ಲಿ ತುರ್ಕರ ಮುತ್ತಿಗೆ. ಕುದುರೆ, ಹೇಸರಗತ್ತೆಗಳನ್ನು ಕೊಯ್ದು ತಿನ್ನುವ ಸ್ಥಿತಿ ಬಂದು, ಕೊನೆಗೆ ಸುಮಾರು 13,000 ಜನ ಶರಣಾದರು. ಮರುಭೂಮಿಯಲ್ಲಿ ನಡೆದು ನಡೆದು ಸತ್ತವರೆಷ್ಟೋ, ರೈಲುದಾರಿಯ ಕೆಲಸಕ್ಕೆ ಹಚ್ಚಿದಲ್ಲಿ ಸತ್ತವರೆಷ್ಟೋ. ಮೆಸೊಪೊಟೇಮಿಯಾದಲ್ಲಿ ಸತ್ತವರಿಗಾಗಿ 1929ರಲ್ಲಿ ಬಸರಾದಲ್ಲಿ ಸ್ಮಾರಕ ಎದ್ದಿತು. ಬ್ರಿಟಿಷರ ಹೆಸರುಗಳನ್ನು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ಸಾದಾ ಸಿಪಾಯಿಗಳ ಸರದಿ ಬಂದಾಗ ಪಲ್ಟಣದ ಹೆಸರು ಹಾಕಿ, ಮುಂದೆ ಇಷ್ಟು ಮಂದಿ ಎಂದು ಅಂಕಿ ಕೊಟ್ಟು ಕೈತೊಳೆದುಕೊಂಡರು.

ಇದನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡಿತು. 45,000ದಿಂದ 54,000 ಜನರನ್ನು ಅಸಮಾನವಾಗಿ ಸ್ಮರಿಸಲಾಗಿದೆ; ಕನಿಷ್ಠ 1,16,000 ಜನರ, ಪ್ರಾಯಶಃ 3,50,000 ಜನರವರೆಗೂ, ಹೆಸರೇ ಇಲ್ಲ ಅಥವಾ ಸ್ಮರಣೆಯೇ ಇಲ್ಲ. ಕ್ಷಮೆ ಕೇಳಿದ್ದು ಸರಿ. ಆದರೆ ಈಗ ಆಯೋಗದ ಜಾಲತಾಣದಲ್ಲಿ ಮೆಲ್ಬರ್ನಿನವನಿಗೂ ಚಿಕ್ಕೋಡಿಯವನಿಗೂ ಒಂದೇ ಅಚ್ಚಿನ ಪುಟ, ಒಂದೇ ಅಚ್ಚಿನ ಪ್ರಮಾಣಪತ್ರ ಸಿಗುತ್ತದೆ. ಈ ಸಮಾನತೆಯ ಬಗ್ಗೆ ನನಗೆ ಗುಮಾನಿಯಿದೆ. ಒಬ್ಬನ ಪುಟದ ಹಿಂದೆ ಕಡತದ ಹೊರೆಯಿದೆ. ಇನ್ನೊಬ್ಬನದರಲ್ಲಿ ಹೆಸರು, ನಂಬರು, ಪಲ್ಟಣ. ಅದೃಷ್ಟವಿದ್ದರೆ ಕೆಳಗೆ ಒಂದು ಸಾಲು: ಇಂಥವರ ಮಗ, ಇಂಥ ಊರು, ಇಂಥ ತಾಲೂಕು, ಬೆಳಗಾವಿ, ಮುಂಬಯಿ. ಆ ಸಾಲೇ ನಮ್ಮವರಿಗೆ ದೊಡ್ಡ ಗಂಟು. ಅದಿಲ್ಲದೆ ಬರೀ ರಾಮಾ ಎಂದೋ ಬಾಪು ಎಂದೋ ಇದ್ದರೆ ಯಾವ ಊರಿನ ರಾಮಾ, ಯಾರ ಮನೆಯ ಬಾಪು? ಅದಿದ್ದರೂ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ ಊರಿನ ಹೆಸರನ್ನು ಪಳಗಿದ ಕಣ್ಣೇ ಗುರುತಿಸಬೇಕು. ಇನ್ನೊಂದು ತೊಡಕೂ ಉಂಟು. ಅಥಣಿ, ಚಿಕ್ಕೋಡಿ ಬ್ರಿಟಿಷ್ ಮುಲುಕಿನಲ್ಲಿದ್ದವು, ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ಜಿಲ್ಲೆಯೆಂದು ಬೆಳಗಾವಿಯನ್ನಷ್ಟೇ ಹುಡುಕಿದರೆ ರಾಯಬಾಗದವರು ಕೈತಪ್ಪುತ್ತಾರೆ.

ಹೀಗಿರುವಾಗ ಮನೆಯಲ್ಲಿ ಉಳಿದ ವಸ್ತುವಿಗೆ ಕಡತದಷ್ಟೇ ಬೆಲೆ. ಆ ಯುದ್ಧದ ಬೆಳ್ಳಿ ಪದಕದ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ನಂಬರು, ಹುದ್ದೆ, ಹೆಸರು, ಪಲ್ಟಣ ಕಾಣುತ್ತವೆ. ಬೆಳ್ಳಿಯಾದ್ದರಿಂದ ಪತ್ತಾರನ ಮೂಸೆ ಸೇರಿದವು ಎಷ್ಟೋ. ಸತ್ತವರ ಮನೆಗೆ ಕೊಟ್ಟ ಅಂಗೈಗಿಂತ ಅಗಲದ ಕಂಚಿನ ಫಲಕದ ಮೇಲೆ ಹುದ್ದೆಯಿಲ್ಲ. ಮೇಲುಕೀಳು ಬೇಡವೆಂದು ಹೆಸರೊಂದನ್ನೇ ಎರಕ ಹೊಯ್ದಿದ್ದರು. ಮನೆಗೆ ಕಳಿಸುವಾಗ ಇದ್ದ ಹೆಸರು ಗೋಡೆಯ ಮೇಲೆ ಅಂಕಿಯಾದದ್ದಕ್ಕೆ ಹೆಸರು ಸಿಗಲಿಲ್ಲವೆಂಬ ನೆಪ ನಡೆಯುವುದಿಲ್ಲ. ಇನ್ನು ಟ್ರಂಕಿನಲ್ಲಿಟ್ಟ ಪಿಂಚಣಿ ಕಾಗದಗಳ ಕಥೆ ಕೇಳುವುದೇ ಬೇಡ. 2005, 2019, 2021 ಎಂದು ಹೊಳೆ ಊರೊಳಗೆ ಬಂದುಹೋದ ಸೀಮೆ ಇದು.

ತಪ್ಪೆಲ್ಲ ಬ್ರಿಟಿಷರದೇ ಎಂದು ಹೇಳಿ ಮುಗಿಸುವುದು ಸುಲಭ. ಮರಾಠಾ ಲಘು ಪದಾತಿ ದಳದ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ. ಹಳ್ಳಿಹಳ್ಳಿಯಲ್ಲಿ ಮಿಲ್ಟ್ರಿಯವರಿದ್ದಾರೆ, ಸನ್ಮಾನದ ಫ್ಲೆಕ್ಸಿಗೂ ಬರವಿಲ್ಲ. ಅಜ್ಜ ಯಾವ ಪಲ್ಟಣದಲ್ಲಿದ್ದ ಎಂದು ಕೇಳಿದರೆ ಮಾತ್ರ ಮೌನ. ನಮಗೆ ವೀರಯೋಧ ಎಂಬ ಬಿರುದು ಬೇಕು, ನಂಬರು ಬೇಡ. ಪಂಜಾಬ ಸರ್ಕಾರ 1919ರಲ್ಲಿ ಊರುವಾರು ಬರೆಸಿದ ಸುಮಾರು 3,20,000 ಸಿಪಾಯಿಗಳ ಯಾದಿ ಲಾಹೋರ್ ಮ್ಯೂಸಿಯಮ್ಮಿನಲ್ಲಿ ಬಿದ್ದಿತ್ತು. ಬ್ರಿಟನ್ನಿನಲ್ಲಿ ನೆಲೆಸಿದ ಪಂಜಾಬಿಗಳೇ ಒಂದು ವಿಶ್ವವಿದ್ಯಾಲಯವನ್ನು ಜೊತೆ ಮಾಡಿಕೊಂಡು 2021ರಿಂದ ಅದನ್ನು ಹಂತಹಂತವಾಗಿ ಜನರ ಮುಂದಿಟ್ಟರು. ನಮ್ಮ ಕಡೆಯ ಕಾಲೇಜೊಂದರ ಇತಿಹಾಸ ವಿಭಾಗ ಅಷ್ಟು ದೊಡ್ಡದಕ್ಕೆ ಕೈಹಾಕಬೇಕಿಲ್ಲ. ಆಯೋಗದ ಪಟ್ಟಿಯಿಂದ ಬೆಳಗಾವಿ, ಕೊಲ್ಹಾಪುರ ಎಂಬ ನಮೂದುಗಳನ್ನು ಹೆಕ್ಕಿ, ಊರುವಾರು ವಿಂಗಡಿಸಿ, ಗ್ರಾಮ ಪಂಚಾಯತಿಯ ಗೋಡೆಗೆ ಅಂಟಿಸಿದರೆ ಉಳಿದದ್ದನ್ನು ಓದಿದವರೇ ಹೇಳಿಯಾರು. ಕಾಗವಾಡ ಸಣ್ಣ ತಾಲೂಕು, ಅಲ್ಲಿಂದಲೇ ಹಚ್ಚಬಹುದು.